ಎಡಬದಿಯ ಮಸುಕು

ತಪ್ಪು ನನ್ನದೇ ಎಂದು ತೀರ್ಮಾನವಾದದ್ದು ಪರ್ತ್‌ನ ಸದರ್ನ್ ರಿವರ್‌ನ ಒಂದು ಮನೆಯ ಹಾಲಿನಲ್ಲಿ, ಎಲ್ಲರೂ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತಿದ್ದಾಗ. ಗೋಡೆಯ ದೊಡ್ಡ ಟಿವಿಯಲ್ಲಿ ಹಿಂದಿನ ದಿನ ಫ್ರೀಮ್ಯಾಂಟಲ್ ಬಂದರಿನಲ್ಲಿ ತೆಗೆದ ದೃಶ್ಯ ಓಡುತ್ತಿತ್ತು. ಧಕ್ಕೆಯ ಅಂಚಿನಲ್ಲಿ ತಾಯಿ ಮತ್ತು ಮಗ ಅಕ್ಕಪಕ್ಕ ನಿಂತಿದ್ದಾರೆ. ನಿನ್ನ ಮಕ್ಕಳನ್ನು ನೋಡಿಕೊಳ್ಳಲು ನಾನು ಬ್ರಿಸ್ಬೇನ್‌ಗೆ ಬರುವುದಿಲ್ಲ ಎಂದು ತಾಯಿ ಹೇಳುತ್ತಾಳೆ, ಹೇಳುತ್ತಲೇ ಅಳುತ್ತಾಳೆ. ಇಡೀ ಚಿತ್ರ ನಿಂತಿರುವುದೇ ಆ ಮಾತಿನ ಮೇಲೆ. ಬಲಗಡೆ ನಿಂತ ಮಗನ ಗಡ್ಡದ ಒಂದೊಂದು ಕೂದಲನ್ನೂ ಎಣಿಸಬಹುದಿತ್ತು. ಎಡಗಡೆ ನಿಂತ ತಾಯಿಯ ಮುಖ ಮಾತ್ರ ಮಸುಕು.

ಛಾಯಾಗ್ರಾಹಕರು ಚಮಚವನ್ನು ತಟ್ಟೆಯಲ್ಲಿಟ್ಟು ಒಂದೇ ಪದ ಹೇಳಿದರು.

"ಔಟ್."

ಫೋಕಸ್ ತಪ್ಪಿದೆ ಎಂದರ್ಥ, ಅದು ಟಿವಿಗೆ ಹೇಳಿದ್ದಲ್ಲ, ನನಗೆ ಹೇಳಿದ್ದು. ಆ ಚಿತ್ರದಲ್ಲಿ ಫೋಕಸ್ ಹಿಡಿಯುವವಳು ನಾನು. ಕ್ಯಾಮೆರಾ ಎಲ್ಲಿಡಬೇಕು, ಬೆಳಕು ಹೇಗೆ ಬೀಳಬೇಕು ಎನ್ನುವುದು ಛಾಯಾಗ್ರಾಹಕರ ತಲೆನೋವು. ನಟರು ಕ್ಯಾಮೆರಾದಿಂದ ಎಷ್ಟು ದೂರದಲ್ಲಿದ್ದಾರೆ ಎಂದು ಟೇಪಿನಲ್ಲಿ ಅಳೆದು, ಅವರು ಅಲುಗಿದಂತೆಲ್ಲ ಲೆನ್ಸಿನ ಉಂಗುರವನ್ನು ಅಷ್ಟಷ್ಟೇ ತಿರುಗಿಸಿ, ಅವರ ಕಣ್ಣು ಸ್ಪಷ್ಟವಾಗಿ ಉಳಿಯುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಸರಿಯಾಗಿ ಮಾಡಿದರೆ ಇಂಥದ್ದೊಂದು ಕೆಲಸ ಇದೆ ಎಂದೇ ಯಾರಿಗೂ ಗೊತ್ತಾಗುವುದಿಲ್ಲ. ತಪ್ಪಿದರೆ ಉಪ್ಪಿಟ್ಟು ಬಡಿಸುವವರಿಗೂ ಗೊತ್ತಾಗುತ್ತದೆ.

ಮನೆ ಆಂಟಿಯದು. ಚಿತ್ರದ ನಿರ್ಮಾಪಕಿಯೂ ಅವರೇ, ತಾಯಿಯ ಪಾತ್ರವೂ ಅವರದೇ. ಚಿಕ್ಕ ವಯಸ್ಸಿನಲ್ಲಿ ಮೈಸೂರಿನಲ್ಲಿ ನಾಟಕ ಆಡುತ್ತಿದ್ದವರು, ಪರ್ತ್‌ಗೆ ಬಂದ ಮೇಲೆ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ನರ್ಸ್ ಆಗಿ ಬೆನ್ನು ಸವೆಸಿದವರು. ಆಸ್ಟ್ರೇಲಿಯಾದಲ್ಲೇ ಪೂರ್ತಿ ತೆಗೆದ ಒಂದು ಕನ್ನಡ ಚಿತ್ರ ಮಾಡಬೇಕೆಂಬ ಹಟ ಅವರದು. ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರು ಊರುಗಳ ಕನ್ನಡದವರನ್ನು ಫೋನಿನಲ್ಲೇ ಕಾಡಿ ಬೇಡಿ ಮನೆ, ಕಾರು, ಅಡುಗೆ ಎಲ್ಲ ಹೊಂದಿಸಿದ್ದರು. ನಿರ್ದೇಶಕ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ, ಅಡಿಲೇಡ್‌ನಲ್ಲಿದ್ದವನು, ಇದ್ದ ರಜೆಯನ್ನೆಲ್ಲ ಒಟ್ಟುಹಾಕಿ ಬಂದಿದ್ದ. ಛಾಯಾಗ್ರಾಹಕರು ಮಾತ್ರ ಬೆಂಗಳೂರಿನಿಂದಲೇ ಸ್ವಂತ ಕ್ಯಾಮೆರಾ ಹೊತ್ತು ತಂದ ಅನುಭವಸ್ಥರು.

ಆಂಟಿ ಟಿವಿಯ ಹತ್ತಿರ ಹೋಗಿ ತಮ್ಮದೇ ಮಸುಕು ಮುಖವನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಏನಮ್ಮಾ, ಅಷ್ಟು ಅತ್ತೆನಲ್ಲ, ನಿನಗೆ ನನ್ನ ಮುಖ ಕಾಣ್ಲೇ ಇಲ್ವಾ?"

ಬೈದಿದ್ದರೆ ತಿರುಗಿ ಏನಾದರೂ ಹೇಳುತ್ತಿದ್ದೆ. ಅವರು ಬೈಯಲಿಲ್ಲ, ನಿಜಕ್ಕೂ ಕೇಳಿದರು. ನನಗೆ ಕಂಡಿತ್ತು. ಇಬ್ಬರೂ ಕ್ಯಾಮೆರಾದಿಂದ ಒಂದೇ ದೂರದಲ್ಲಿ ನಿಲ್ಲುವಂತೆ ಧಕ್ಕೆಯ ಕಾಂಕ್ರೀಟಿನ ಮೇಲೆ ನಾನೇ ಬಣ್ಣದ ಟೇಪು ಅಂಟಿಸಿದ್ದೆ. ಇಬ್ಬರೂ ಅದರ ಮೇಲೇ ನಿಂತಿದ್ದರು. ಉಂಗುರ ಆ ದೂರದ ಗುರುತಿನಿಂದ ಕದಲಿರಲಿಲ್ಲ. ಮಗನಿಗೆ ಸರಿ ಇದ್ದದ್ದು ತಾಯಿಗೆ ಹೇಗೆ ತಪ್ಪಾಯಿತು?

ಇದನ್ನು ಅಲ್ಲೇ ಕೇಳಿದೆ. ಛಾಯಾಗ್ರಾಹಕರು ನಕ್ಕರು.

"ಅವರು ಅಳುವಾಗ ಹಿಂದೆ ಮುಂದೆ ವಾಲಿರ್ತಾರಮ್ಮ. ನೀನು ಹಿಡೀಲಿಲ್ಲ. ಇದು ಫಿಲಂ ಕಾಲ ಅಲ್ಲ, ದೊಡ್ಡ ಸೆನ್ಸರ್ರು, ಲೆನ್ಸ್ ಪೂರ್ತಿ ತೆರೆದಿಟ್ಟಿದೀನಿ. ಕ್ಷಮಿಸೋದೇ ಇಲ್ಲ ಅದು."

ಅವರ ಮಾತಿನಲ್ಲಿ ಅರ್ಧ ನಿಜವಿತ್ತು. ಇವತ್ತಿನ ಡಿಜಿಟಲ್ ಕ್ಯಾಮೆರಾಗಳು ಕರುಣೆಯಿಲ್ಲದವು. ಹಿನ್ನೆಲೆಯೆಲ್ಲ ಕರಗಿದಂತೆ ಕಾಣಲೆಂದು ಲೆನ್ಸನ್ನು ಪೂರ್ತಿ ತೆರೆದಿಟ್ಟರೆ ಸ್ಪಷ್ಟವಾಗಿ ಉಳಿಯುವ ಆಳ ಹೆಚ್ಚೆಂದರೆ ಒಂದು ಗೇಣು. ನಟರು ಉಸಿರೆಳೆದು ಎದೆ ಮುಂದೆ ತಂದರೂ ಲೆಕ್ಕ ತಪ್ಪಬಹುದು. ಬಿಸಿಲಿನಲ್ಲಿ ಅಂಗೈಯಗಲದ ಮಾನಿಟರಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಮನೆಗೆ ಬಂದು ದೊಡ್ಡ ಪರದೆಯಲ್ಲಿ ಹಾಕಿದಾಗ ಮಾನ ಹೋಗುತ್ತದೆ. ಇದೆಲ್ಲ ನನಗೂ ಗೊತ್ತು. ಆದರೆ ಆಂಟಿ ವಾಲಿರಲಿಲ್ಲ. ಅವರು ಕಂಬದಂತೆ ನಿಂತು ಅತ್ತಿದ್ದರು, ಅದಕ್ಕೇ ಆ ಅಳು ಅಷ್ಟು ಚೆನ್ನಾಗಿತ್ತು.

"ಸರಿ ಬಿಡಿ, ಅಡ್ಜಸ್ಟ್ ಮಾಡ್ಕೊಳ್ಳೋಣ," ಎಂದ ನಿರ್ದೇಶಕ. "ಇನ್ನೊಂದ್ಸಲ ಎಲ್ಲಾದ್ರೂ ತಗೊಳ್ಳೋಣ. ಮುಂದೆ ಮಾತ್ರ ಹೀಗಾಗ್ಬಾರ್ದು."

ನಮ್ಮವರ ಬಾಯಲ್ಲಿ ಅಡ್ಜಸ್ಟ್ ಎಂಬ ಪದ ಬಂತೆಂದರೆ ಯಾರೋ ಒಬ್ಬರು ಮೂಲೆಗೆ ಸರಿಯಬೇಕು ಎಂದರ್ಥ. ಆ ಒಬ್ಬರು ಯಾರು ಎಂಬುದು ಆ ಹಾಲಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಬ್ರಿಸ್ಬೇನ್‌ಗೆ ಹೋಗುವ ವಿಮಾನದಲ್ಲಿ ಪರ್ತ್‌ನಲ್ಲಿ ತೆಗೆದ ದೃಶ್ಯಗಳನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿಸಿಕೊಂಡು ಕೂತೆ. ಪಕ್ಕದ ಸೀಟಿನವರು ನಿದ್ದೆ ಮಾಡಿದರು, ನಾನು ಒಂದೊಂದು ಚೌಕಟ್ಟನ್ನೂ ಹಿಗ್ಗಿಸಿ ನೋಡಿದೆ. ಅಡುಗೆಮನೆಯ ದೃಶ್ಯದಲ್ಲಿ ಎಡಕ್ಕಿದ್ದ ಫ್ರಿಜ್ ಮಸುಕು. ಕಾರಿನ ದೃಶ್ಯದಲ್ಲಿ ಎಡಕ್ಕಿದ್ದ ಕನ್ನಡಿ ಮಸುಕು. ಬಂದರಿನ ದೃಶ್ಯಕ್ಕೆ ಮತ್ತೆ ಬಂದೆ. ಆಂಟಿಯ ಮುಖ ಮಸುಕಾಗಿತ್ತಲ್ಲ, ಅವರ ಮುಂದೆ, ಇನ್ನೂ ಎಡಕ್ಕೆ, ಹಡಗಿನ ಹಗ್ಗ ಸುತ್ತುವ ಕಬ್ಬಿಣದ ಗೂಟವೊಂದಿತ್ತು. ಅದರ ತುಕ್ಕಿನ ಚಕ್ಕೆಗಳು ಒಂದೊಂದೂ ಸ್ಪಷ್ಟವಾಗಿ ಎದ್ದು ಕಾಣುತ್ತಿದ್ದವು. ಬಲಕ್ಕೆ ನಾನು ಅಳೆದ ದೂರದಲ್ಲೇ ಫೋಕಸ್ ಇದೆ, ಎಡಕ್ಕೆ ಅದು ಮುಂದಕ್ಕೆ ಬಂದಿದೆ. ಪ್ರತಿ ದೃಶ್ಯದಲ್ಲೂ ಎಡಕ್ಕೇ, ಪ್ರತಿ ಸಲವೂ ಮುಂದಕ್ಕೇ.

ನನ್ನ ಕೈ ತಪ್ಪಿದ್ದರೆ ಒಮ್ಮೆ ಮುಂದೆ ತಪ್ಪುತ್ತಿತ್ತು, ಒಮ್ಮೆ ಹಿಂದೆ. ಒಮ್ಮೆ ಎಡದವರು ಹಾಳಾಗುತ್ತಿದ್ದರು, ಒಮ್ಮೆ ಬಲದವರು. ಇಷ್ಟು ಶಿಸ್ತಾಗಿ ತಪ್ಪು ಮಾಡುವುದು ಮನುಷ್ಯರಿಂದ ಆಗದ ಕೆಲಸ. ಲೆನ್ಸು ಕ್ಯಾಮೆರಾದ ಮೇಲೆ ನೆಟ್ಟಗೆ ಕೂತಿಲ್ಲ ಎಂಬ ಅನುಮಾನ ಅಲ್ಲೇ ಬಂತು. ಅದು ಕೂರುವ ಲೋಹದ ಬಳೆಗೂ ಲೆನ್ಸಿಗೂ ನಡುವೆ ಕೂದಲಿನ ದಪ್ಪದಷ್ಟು ಏನಾದರೂ ಸಿಕ್ಕಿಕೊಂಡರೂ ಸಾಕು, ಚಿತ್ರದ ಒಂದು ಬದಿ ವಾಲುತ್ತದೆ. ಆದರೆ ಆ ಲೆನ್ಸನ್ನು ನಾನು ಬಿಚ್ಚಿ ನೋಡಿರಲೇ ಇಲ್ಲ. ಛಾಯಾಗ್ರಾಹಕರಿಗೆ ಒಂದೇ ಲೆನ್ಸಿನಲ್ಲಿ ಇಡೀ ಚಿತ್ರ ತೆಗೆಯುವ ವ್ರತ. ಒಳಗೆ ಧೂಳು ಹೋಗುತ್ತದೆಂದು ಅದನ್ನು ಬಿಚ್ಚಲು ಯಾರಿಗೂ ಬಿಡುತ್ತಿರಲಿಲ್ಲ. ಸಂಜೆಯಾದರೆ ಲೆನ್ಸಿನ ಸಮೇತ ಕ್ಯಾಮೆರಾವನ್ನು ತಮ್ಮ ಪೆಟ್ಟಿಗೆಯಲ್ಲಿಟ್ಟು ತಾವೇ ಬೀಗ ಹಾಕುತ್ತಿದ್ದರು.

ಬ್ರಿಸ್ಬೇನ್‌ನಲ್ಲಿ ಇಳಿದ ಕೂಡಲೇ ಅವರಿಗೆ ಹೇಳಿದೆ.

"ಸರ್, ಒಂದು ಗೋಡೆ ಟೆಸ್ಟ್ ಮಾಡ್ಬಿಡೋಣ, ನೆಟ್ಟಗಿರೋ ಗೋಡೆ ತೆಗೆದ್ರೆ ಎರಡೂ ಬದಿ ಗೊತ್ತಾಗುತ್ತೆ. ಲೆನ್ಸ್ ವಾಲಿದೆ ಅನ್ಸುತ್ತೆ."

"ನನ್ನ ಲೆನ್ಸಾ?" ಎಂದರು. ಅವರ ಮಗಳ ನಡತೆಯ ಬಗ್ಗೆ ಏನೋ ಅಂದೆನೇನೋ ಎನ್ನುವ ಧ್ವನಿ. "ಬೆಂಗಳೂರಲ್ಲಿ ಚೆಕ್ ಮಾಡ್ಸಿ ತಂದಿದೀನಿ. ನಿನಗೆ ಕಷ್ಟ ಆಗ್ಬಾರ್ದು ಅಂತ ಬೇರೆ ಏರ್ಪಾಡು ಮಾಡಿದೀನಿ, ನೋಡು."

ಏರ್ಪಾಡು ಎಂದರೆ ಒಂದು ಪೆಟ್ಟಿಗೆ. ಲೆನ್ಸಿನ ಮೇಲೆ ಕೂತು, ಎದುರಿಗಿರುವವರ ದೂರವನ್ನು ತಾನೇ ಅಳೆದು, ಉಂಗುರವನ್ನು ತಾನೇ ತಿರುಗಿಸುವ ಯಂತ್ರ. ಬಾಡಿಗೆಗೆ ತರಿಸಿದ್ದರು. ಅದನ್ನು ಜೋಡಿಸುವ ಕೆಲಸವನ್ನು ನನಗೇ ಕೊಟ್ಟರು, ಎಷ್ಟಾದರೂ ದೊಡ್ಡ ಮನಸ್ಸು. "ನೀನಿನ್ನು ಬ್ಯಾಟರಿ, ಕ್ಲಾಪು ನೋಡ್ಕೊ, ಸಾಕು," ಎಂದರು. ನಿರ್ದೇಶಕ ಪಕ್ಕಕ್ಕೆ ಕರೆದು, ಇದು ಚೆನ್ನಾಗಿ ನಡೆದರೆ ಅಡಿಲೇಡ್‌ಗೆ ನಾನು ಬರುವ ಅಗತ್ಯ ಬೀಳಲಿಕ್ಕಿಲ್ಲ ಎಂದು ಬಹಳ ವಿನಯದಿಂದ ತಿಳಿಸಿದ. ಯಂತ್ರದ ಮೇಲೆ ನನಗೆ ಹಗೆಯಿಲ್ಲ, ಬೇಕಾದಲ್ಲಿ ನಾನೇ ಬಳಸುತ್ತೇನೆ. ನನ್ನ ಮೇಲೆ ಹೊರಿಸಿದ ತಪ್ಪಿಗೆ ಅದನ್ನು ಸಾಕ್ಷಿಯಾಗಿ ತಂದದ್ದು ನನಗೆ ತಡೆಯಲಾಗಲಿಲ್ಲ.

ಚಿತ್ರೀಕರಣ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ಒಂದು ಮನೆಯಲ್ಲಿ. ಕನ್ನಡದ ಕುಟುಂಬವೊಂದು ಮನೆಯನ್ನೇ ಬಿಟ್ಟುಕೊಟ್ಟು ನೆಂಟರ ಮನೆಗೆ ಹೋಗಿತ್ತು. ಅಲ್ಲಿ ಮಗ ಸೊಸೆಯ ದೃಶ್ಯಗಳು, ಆಂಟಿ ಬಂದಿರಲಿಲ್ಲ. ಇಡೀ ದಿನ ಯಂತ್ರ ಕಿರ್‍ರೆನ್ನುತ್ತಾ ಉಂಗುರ ತಿರುಗಿಸಿತು, ನಾನು ಕ್ಲಾಪು ಹೊಡೆದೆ. ಸಂಜೆ ಆ ಮನೆಯ ಟಿವಿಯಲ್ಲಿ ಹಾಕಿದರು. ಬಲಕ್ಕೆ ಕೂತ ಮಗ ಸ್ಪಷ್ಟ. ಎಡಕ್ಕೆ ನಿಂತ ಸೊಸೆ ಮಸುಕು.

ಒಪ್ಪುತ್ತೇನೆ, ನನಗೆ ಖುಷಿಯಾಯಿತು. ಒಂದು ದಿನದ ಕೆಲಸ ಹಾಳಾದದ್ದಕ್ಕೆ ಖುಷಿಪಡಬಾರದು, ಆದರೂ ಪಟ್ಟೆ.

"ಇದು ಯಾರ ಕೈ ಸರ್?" ಎಂದೆ.

"ಮಷೀನ್ ಸೆಟ್ಟಿಂಗ್ ಸರಿ ಇಲ್ಲ. ನೀನೇ ತಾನೆ ಜೋಡಿಸಿದ್ದು," ಎಂದರು.

ಯಂತ್ರ ತಂದರೂ ತಪ್ಪು ನನ್ನದೇ! ಆಗ ನಿರ್ಧಾರಕ್ಕೆ ಬಂದೆ. ಮರುದಿನ ಬೆಳಗ್ಗೆ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಕ್ಯಾಮೆರಾದ ಬೆನ್ನಿನಿಂದ ಬ್ಯಾಟರಿ ಕಿತ್ತೆ. ಉಳಿದ ಬ್ಯಾಟರಿಗಳನ್ನೂ ಚಾರ್ಜರಿನಿಂದ ತೆಗೆದು ನನ್ನ ಚೀಲಕ್ಕೆ ತುಂಬಿ, ಚೀಲವನ್ನು ಹೆಗಲಿಗೆ ಹಾಕಿಕೊಂಡು ಗ್ಯಾರೇಜಿನ ಬಾಗಿಲಲ್ಲಿ ನಿಂತೆ. ಬ್ಯಾಟರಿ ನೋಡಿಕೋ ಎಂದು ಅವರೇ ಹೇಳಿದ್ದರಲ್ಲ, ನೋಡಿಕೊಂಡೆ.

"ಏನ್ರೀ ಇದು, ಸ್ಟ್ರೈಕಾ?" ಎಂದ ನಿರ್ದೇಶಕ. "ಆರ್ವೋ ಒಳಗೆ, ಮಧ್ಯಾಹ್ನದೊಳಗೆ ಮೂರು ಸೀನ್ ಮುಗಿಸ್ಬೇಕು."

"ಗೋಡೆ ಟೆಸ್ಟ್ ಮಾಡೋವರೆಗೂ ಬ್ಯಾಟರಿ ಕೊಡಲ್ಲ. ಮಾಡಿದ್ಮೇಲೆ ತಪ್ಪು ನನ್ನದೇ ಅಂತ ಗೊತ್ತಾದ್ರೆ ನಾನೇ ಟಿಕೆಟ್ ತಗೊಂಡು ಪರ್ತ್‌ಗೆ ಹೋಗ್ತೀನಿ. ಅಡಿಲೇಡ್ ಬಿಡಿ, ಇನ್ನು ಯಾವ ಸೆಟ್ಟಿಗೂ ಫೋಕಸ್ ಹಿಡಿಯೋಕೆ ಹೋಗಲ್ಲ."

ಲೆನ್ಸು ಸರಿಯಿದ್ದರೆ ನನ್ನ ಕಥೆ ಅಲ್ಲಿಗೆ ಮುಗಿಯಿತು. ಆದರೆ ಚೀಲ ಕೆಳಗಿಡಲಿಲ್ಲ. ಛಾಯಾಗ್ರಾಹಕರು ಕಾಫಿ ಲೋಟದ ಮೇಲಿನಿಂದ ನನ್ನನ್ನು ಬಹಳ ಹೊತ್ತು ನೋಡಿ, "ಮಾಡೇ ಬಿಡಮ್ಮ, ನಿನ್ನ ಹಟ ತೀರ್‍ಲಿ," ಎಂದರು.

ಆ ಬಡಾವಣೆಯ ಮನೆಗಳೆಲ್ಲ ಇಟ್ಟಿಗೆಯವು, ಗೋಡೆಗೆ ಗಾರೆ ಮೆತ್ತಿರುವುದಿಲ್ಲ. ನನಗೆ ಬೇಕಾದ್ದೇ ಅಂಥ ಗೋಡೆ. ಗ್ಯಾರೇಜಿನ ಪಕ್ಕದ ಗೋಡೆಗೆ ಎದುರಾಗಿ ಕ್ಯಾಮೆರಾ ನಿಲ್ಲಿಸಿದೆ. ಕ್ಯಾಮೆರಾದ ಎಡದಿಂದಲೂ ಬಲದಿಂದಲೂ ಗೋಡೆಗೆ ಟೇಪು ಹಿಡಿದು, ಎರಡೂ ಕಡೆ ಅಳತೆ ಒಂದೇ ಬರುವವರೆಗೆ ಸ್ಟ್ಯಾಂಡನ್ನು ಸರಿಸಿದೆ. ಟೇಪಿನ ಇನ್ನೊಂದು ತುದಿಯನ್ನು ನಿರ್ದೇಶಕನ ಕೈಗೇ ಕೊಟ್ಟೆ, ಆಮೇಲೆ ತಕರಾರು ಬರಬಾರದು. ಯಂತ್ರದ ಪೆಟ್ಟಿಗೆ ತೆಗೆದಿಟ್ಟೆ. ಲೆನ್ಸ್ ಪೂರ್ತಿ ತೆರೆದು ಉಂಗುರವನ್ನು ಅಳತೆಯ ಗುರುತಿಗೆ ತಂದೆ. ಬ್ಯಾಟರಿ ಹಾಕಿ, ವೈರನ್ನು ಹಾಲಿನ ಟಿವಿಗೆ ಎಳೆದು, ಎಲ್ಲರನ್ನೂ ಒಳಗೆ ಕರೆದೆ.

ಬಲಬದಿಯಲ್ಲಿ ಇಟ್ಟಿಗೆಗಳ ನಡುವಿನ ಸಿಮೆಂಟಿನ ಮರಳು ಕಣಕಣವಾಗಿ ಕಾಣುತ್ತಿತ್ತು. ಅಲ್ಲಿಂದ ಎಡಕ್ಕೆ ಹೋದಂತೆ ಮರಳು ಮಾಯವಾಗಿ, ಕೊನೆಗೆ ಇಟ್ಟಿಗೆಯ ಅಂಚೇ ಕದಡಿಹೋಗಿತ್ತು. ನಾನು ಉಂಗುರವನ್ನು ತುಸು ತಿರುಗಿಸಿದೆ. ಎಡದ ಮರಳು ಎದ್ದು ಬಂತು, ಬಲ ಕದಡಿತು. ಗೋಡೆ ವಾಲುವುದಿಲ್ಲ, ಅಳುವುದೂ ಇಲ್ಲ.

ಛಾಯಾಗ್ರಾಹಕರು ದಡ್ಡರಲ್ಲ. ಒಂದೇ ನೋಟಕ್ಕೆ ಅವರಿಗೆ ಅರ್ಥವಾಯಿತು. ಹೊರಗೆ ಹೋಗಿ, ಕ್ಯಾಮೆರಾದ ಬೀಗದ ಬಳೆ ತಿರುಗಿಸಿ ಲೆನ್ಸನ್ನು ಕೈಗೆ ತೆಗೆದುಕೊಂಡರು. ಕ್ಯಾಮೆರಾದ ಮುಖವನ್ನು ಬಿಸಿಲಿಗೆ ಹಿಡಿದರು. ಲೆನ್ಸು ಕೂರುವ ಹೊಳೆಯುವ ಲೋಹದ ಬಳೆಯ ಒಂದು ಬದಿಯಲ್ಲಿ ತೆಳುವಾಗಿ ಒತ್ತಿ ಹರಡಿದ ಹಳದಿ ಕಲೆ, ಉಗುರಿನಷ್ಟು. ಬೆರಳಿನಿಂದ ಕೆರೆದರು, ಪುಡಿ ಬಂತು. ಬೆರಳನ್ನು ಮೂಗಿನ ಹತ್ತಿರ ತಂದರು.

"ಗಂಧ," ಎಂದರು.

ಮುಹೂರ್ತದ ದಿನ ಏನಾಗಿತ್ತು ಎಂದು ಅವರೇ ನೆನಪು ಮಾಡಿಕೊಂಡು ಹೇಳಿದರು. ಆಗ ನಾನು ಹಿತ್ತಲಿನಲ್ಲಿ ಮೊದಲ ದೃಶ್ಯಕ್ಕೆ ಅಳತೆ ತೆಗೆಯುತ್ತಿದ್ದೆ. ಮನೆಯೊಳಗೆ ಕ್ಯಾಮೆರಾ ಪೂಜೆ. ಆಂಟಿ ಮೈಸೂರಿನಿಂದ ತಂದ ಕೊರಡಿನಲ್ಲಿ ತಾವೇ ಗಂಧ ತೇಯ್ದಿದ್ದರು. ಲೆನ್ಸು ಇನ್ನೂ ಹಾಕಿರಲಿಲ್ಲ, ಕ್ಯಾಮೆರಾದ ಬಾಯಿ ತೆರೆದಿತ್ತು. ಎಲ್ಲಿ ಇಡಲಿ ಎಂದು ಆಂಟಿ ಕೇಳಿದಾಗ ಛಾಯಾಗ್ರಾಹಕರು, ಒಳಗಿನ ಗಾಜಿಗೆ ಮಾತ್ರ ಬೇಡ ಆಂಟಿ, ಬೇರೆ ಎಲ್ಲಾದರೂ ಇಡಿ ಎಂದಿದ್ದರು. ಆಂಟಿ ಗಾಜನ್ನು ಬಿಟ್ಟು, ಭಕ್ತಿಯಿಂದ, ಬೆಳ್ಳಿಯ ಹಾಗೆ ಹೊಳೆಯುತ್ತಿದ್ದ ಬಳೆಯ ಮೇಲೆ ಒಂದು ಬೊಟ್ಟು ಇಟ್ಟಿದ್ದರು. ಅಷ್ಟರಲ್ಲಿ ಯಾರೋ, ರಾಹುಕಾಲ ಶುರುವಾಗುತ್ತೆ ಬೇಗ ಎಂದು ಕೂಗಿದರು. ಇವರು ನೋಡದೆ ಲೆನ್ಸ್ ಕೂರಿಸಿ ಬಿಗಿದರು. ಗಂಧ ಒಳಗೇ ಒಣಗಿ ಗಟ್ಟಿಯಾಯಿತು.

"ಲೆನ್ಸ್ ಹಾಕಿದ್ದು ನಾನೇ. ನೋಡ್ಲಿಲ್ಲ," ಎಂದರು ನನಗೆ. ಅಷ್ಟು ಒಪ್ಪಿಕೊಂಡದ್ದೇ ದೊಡ್ಡದು. ಆದರೆ ಅದನ್ನು ಗ್ಯಾರೇಜಿನಿಂದಾಚೆ ಹೇಳುವ ಉತ್ಸಾಹ ಅವರಲ್ಲಿ ಕಾಣಲಿಲ್ಲ.

ಬಳೆಯನ್ನು ಒರೆಸಿ, ಲೆನ್ಸ್ ಮತ್ತೆ ಕೂರಿಸಿ, ಗೋಡೆಯನ್ನು ಮತ್ತೊಮ್ಮೆ ತೆಗೆದೆವು. ಈ ತುದಿಯಿಂದ ಆ ತುದಿಯವರೆಗೆ ಮರಳು ಕಾಣಿಸಿತು. ನಿರ್ದೇಶಕ ನನ್ನನ್ನು ಈಜುಕೊಳದ ಪಕ್ಕ ಕರೆದುಕೊಂಡು ಹೋದ.

"ನೋಡಿ, ಅಡಿಲೇಡ್‌ಗೆ ನೀವೇ ಬರ್ತೀರ, ನೀವೇ ಫೋಕಸ್. ಆಯ್ತಾ? ಆದ್ರೆ ಆಂಟಿಗೆ ಗಂಧದ ವಿಷಯ ಹೇಳೋದು ಬೇಡ. ಪೂಜೇನೇ ಕೆಟ್ಟೋಯ್ತು, ಅಪಶಕುನ ಅಂತ ಅಂದ್ಕೊಂಡ್ಬಿಡ್ತಾರೆ. ಪಿಕ್ಚರ್ ನಿಲ್ಸಿದ್ರೂ ನಿಲ್ಸಿದ್ರು. ಅವರಿಗೆ ಫೋಕಸ್ ಮಿಸ್ಟೇಕ್ ಅಂತ ಹೇಳಾಗಿದೆ, ಹಾಗೇ ಇರ್ಲಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

"ಅಂದ್ರೆ ತಪ್ಪು ನನ್ನ ಹೆಸರಲ್ಲೇ ಇರ್ಲಿ ಅಂತ."

"ಹಾಗಲ್ಲ... ನಮಗೆಲ್ಲ ಸತ್ಯ ಗೊತ್ತಲ್ಲ."

"ಅಡ್ಜಸ್ಟ್ ಮಾಡೋದು ನನ್ನ ಕೆಲಸಾನೇ ಸರ್. ಆದ್ರೆ ಲೆನ್ಸನ್ನ. ನನ್ನ ಹೆಸರನ್ನಲ್ಲ."

ಅವನು ಇನ್ನೂ ಏನೋ ಹೇಳುತ್ತಿದ್ದ. ನಾನು ಹೋಗಿ ಉಳಿದ ಬ್ಯಾಟರಿಗಳನ್ನು ಚಾರ್ಜರಿಗೆ ಹಾಕಿದೆ.

ಅಡಿಲೇಡ್ ವಿಮಾನ ನಿಲ್ದಾಣದಿಂದ ಆಂಟಿಯನ್ನು ಕರೆತರಲು ನಾನೇ ಹೋದೆ. ಫ್ರೀಮ್ಯಾಂಟಲ್‌ನ ದೃಶ್ಯವನ್ನು ಪೋರ್ಟ್ ಅಡಿಲೇಡ್‌ನ ಧಕ್ಕೆಯಲ್ಲಿ ಮತ್ತೆ ತೆಗೆಯುವುದೆಂದು ನಿರ್ಧಾರವಾಗಿತ್ತು. ಆಂಟಿ ಕಾರಿನಲ್ಲಿ ಕೂತು ಸೀಟ್ ಬೆಲ್ಟ್ ಹಾಕಿಕೊಳ್ಳುತ್ತಾ, "ಈ ಸಲ ನೋಡಿ ಮಾಡಮ್ಮ. ಆ ಅಳು ಮತ್ತೆ ಬರುತ್ತೋ ಇಲ್ವೋ ನಂಗೇ ಗೊತ್ತಿಲ್ಲ," ಎಂದರು. ಒಂದು ಸರ್ವೋ, ಅಂದರೆ ಪೆಟ್ರೋಲ್ ಬಂಕಿನ ಮುಂದೆ ಕಾರು ನಿಲ್ಲಿಸಿದೆ. ಪೆಟ್ರೋಲ್ ಬೇಕಿರಲಿಲ್ಲ. ಕಾರು ಓಡಿಸುತ್ತಾ ಅದನ್ನು ಹೇಳಲು ನನಗೆ ಧೈರ್ಯವಿರಲಿಲ್ಲ, ಅಷ್ಟೇ.

ಗಂಧದಿಂದ ಗೋಡೆಯವರೆಗೆ ಎಲ್ಲ ಹೇಳಿದೆ. ನಿರ್ದೇಶಕ ಹೇಳಬೇಡವೆಂದದ್ದನ್ನೂ ಹೇಳಿದೆ. ಆಂಟಿ ಎದುರಿನ ಗಾಜನ್ನು ನೋಡುತ್ತಾ ಕೂತಿದ್ದರು.

"ನಾನೇ ಇಟ್ಟ ಬೊಟ್ಟಾ?"

"ಹೂಂ ಆಂಟಿ."

"ಅಪಶಕುನ ಅಂತ ಹೆದರ್ಕೋತೀನಿ ಅಂದ್ಕೊಂಡ್ರಾ?" ಅವರ ಧ್ವನಿ ಏರಿತು. "ಮೂವತ್ತು ವರ್ಷದಿಂದ ಸಾಯೋರ ಕೈ ಹಿಡ್ಕೊಂಡು ಕೂತಿದೀನಿ ಕಣೇ ನಾನು. ಒಂದು ಬೊಟ್ಟು ಗಂಧಕ್ಕೆ ನನ್ನ ಎದೆ ಒಡೆಯುತ್ತಾ? ನಾನೇನು ಮಗೂನಾ, ನೀವೆಲ್ಲ ಕೂತ್ಕೊಂಡು ಇವಳಿಗೆ ಏನು ಹೇಳ್ಬೇಕು ಏನು ಹೇಳ್ಬಾರ್ದು ಅಂತ ತೀರ್ಮಾನ ಮಾಡೋಕೆ?"

ನಾನು ಸ್ಟೀರಿಂಗಿನಿಂದ ಕೈ ತೆಗೆದೆ.

"ನಿನ್ನ ಮೇಲೂ ಸಿಟ್ಟು ಬಂದಿದೆ," ಎಂದರು ಆಂಟಿ. "ನೀನು ಹೇಳಿದ್ದು ಸರಿ. ಆದ್ರೂ ಬಂದಿದೆ. ಅಷ್ಟು ಚೆನ್ನಾಗಿ ಅತ್ತಿದ್ದೆ, ನನ್ನ ಕೈಯಾರೆ ಕೆಡಿಸ್ಕೊಂಡೆ ಅಂತ ಗೊತ್ತಾಗೋ ಬದಲು ನಿನ್ನ ತಪ್ಪು ಅಂತಾನೇ ಇದ್ದಿದ್ರೆ ಆರಾಮಾಗಿರ್ತಿದ್ದೆ. ಗಾಡಿ ತೆಗಿ."

ಧಕ್ಕೆ ತಲುಪಿದಾಗ ಎಲ್ಲರೂ ಸೇರಿದ್ದರು. ಆಂಟಿ ಕಾರಿನಿಂದ ಇಳಿದವರು ಸೀದಾ ನಿರ್ದೇಶಕನ ಮುಂದೆ ಹೋಗಿ, ಇಡೀ ತಂಡಕ್ಕೆ ಕೇಳುವಂತೆ, "ಕ್ಯಾಮೆರಾಗೆ ಗಂಧ ಹಚ್ಚಿದ್ದು ನಾನು, ಇವಳಲ್ಲ. ಇನ್ಮೇಲೆ ಇವಳ ಮೇಲೆ ಹಾಕ್ಬೇಡಿ," ಎಂದರು. ಛಾಯಾಗ್ರಾಹಕರು ತಲೆ ಎತ್ತದೆ, "ಕೂರಿಸಿದ್ದು ನಾನು ಆಂಟಿ," ಎಂದರು. ಅಡುಗೆಗೆ ಬಂದಿದ್ದವರು ಸೌಟು ಹಿಡಿದು ನಿಂತೇ ಕೇಳಿದರು.

ನನ್ನ ಹೆಸರು ತೊಳೆದುಹೋಯಿತು, ಸರಿ. ಆದರೆ ಕೆಲಸ ಬಾಕಿಯಿತ್ತು. ಲೆನ್ಸು ನೆಟ್ಟಗಿತ್ತು, ಅಳತೆ ನನ್ನದು, ಕೈ ನನ್ನದು. ಈಗ ಮಸುಕಾದರೆ ಬೇರೆ ಯಾರ ಕಡೆಗೂ ಬೆರಳು ತೋರಿಸುವಂತಿರಲಿಲ್ಲ. ಗೋಡೆಗೆ ಅಷ್ಟು ಜಂಬ ಕೊಚ್ಚಿಕೊಂಡವಳು ಮನುಷ್ಯರ ಮುಖಕ್ಕೆ ತಪ್ಪಿದರೆ ಇನ್ನೆಂದೂ ಬಾಯಿ ತೆರೆಯುವ ಹಾಗಿಲ್ಲ.

ಸಂಜೆಯ ಬೆಳಕು ಬೇಕೆಂದು ಕಾದೆವು. ಬಿಸಿ ಗಾಳಿ ಬೀಸುತ್ತಿತ್ತು, ನೆಲಕ್ಕೆ ಹಚ್ಚಿದ ಟೇಪುಗಳು ಏಳುತ್ತಿದ್ದವು. ಛಾಯಾಗ್ರಾಹಕರು ಯಂತ್ರದ ಪೆಟ್ಟಿಗೆಯನ್ನು ಮತ್ತೆ ಲೆನ್ಸಿನ ಮೇಲೆ ಕೂರಿಸಿದ್ದರು.

"ಇರ್ಲಿ ಬಿಡಮ್ಮ, ಸೇಫ್ಟಿಗೆ. ನೀನು ತಪ್ಪಿದ್ರೆ ಅದು ಹಿಡಿಯುತ್ತೆ."

"ಇಬ್ರು ಒಂದೇ ಸ್ಟೀರಿಂಗ್ ಹಿಡಿಯೋಕಾಗಲ್ಲ ಸರ್," ಎಂದು ಸ್ಕ್ರೂ ಬಿಚ್ಚಿ ಪೆಟ್ಟಿಗೆಯನ್ನು ಅವರ ಕೈಗೇ ಕೊಟ್ಟೆ. ಅವರು ಹುಬ್ಬೇರಿಸಿದರು, ತಡೆಯಲಿಲ್ಲ.

ನಾನು ಮಾನಿಟರಿನ ಹಿಂದೆ ಕೂರಲಿಲ್ಲ. ಅಂಗೈಯಲ್ಲಿ ಹಿಡಿಯುವ ವೈರ್‌ಲೆಸ್ ಚಕ್ರವೊಂದಿದೆ, ಅದನ್ನು ತಿರುಗಿಸಿದರೆ ಲೆನ್ಸಿನ ಪಕ್ಕದ ಪುಟ್ಟ ಮೋಟರು ಉಂಗುರವನ್ನು ತಿರುಗಿಸುತ್ತದೆ. ಅದನ್ನು ಹಿಡಿದು ಕ್ಯಾಮೆರಾಕ್ಕೂ ನಟರಿಗೂ ನಡುವೆ, ಚೌಕಟ್ಟಿನಾಚೆ, ಬದಿಯಲ್ಲಿ ನಿಂತೆ. ಮಾನಿಟರ್ ನೋಡಿ ಹಿಡಿಯುವುದೆಂದರೆ ತಪ್ಪಿದ ಮೇಲೆ ತಿದ್ದುವುದು. ಬದಿಯಿಂದ ನೋಡಿದರೆ ದೂರ ಕಣ್ಣಿಗೆ ನೇರ ಸಿಗುತ್ತದೆ. ಮುಖ ನೋಡುತ್ತಾ ಕೂತರೆ ತಡವಾಗುತ್ತದೆ, ಹೆಜ್ಜೆ ಎತ್ತುವ ಮೊದಲು ಭುಜ ಅಲುಗುತ್ತದೆ. ನಾನು ಭುಜ ನೋಡುತ್ತೇನೆ.

"ಆ್ಯಕ್ಷನ್" ಎಂದ ನಿರ್ದೇಶಕ. ಆಂಟಿ, ಮಗನ ಪಾತ್ರದವನು, ಇಬ್ಬರೂ ಟೇಪಿನ ಮೇಲೆ ನಿಂತಿದ್ದರು. ಆಂಟಿ ಮಾತು ಹೇಳಿದರು. ಅಳಲಿಲ್ಲ. ನಾವೆಲ್ಲ ಕಾಯುತ್ತಿದ್ದೆವು, ಅಳು ಬರಲೇ ಇಲ್ಲ. ಕಾರಿನಲ್ಲಿದ್ದ ಸಿಟ್ಟು ಅವರ ಮುಖದಲ್ಲಿ ಹಾಗೇ ಕೂತಿತ್ತು. ಆಮೇಲೆ ಅವರ ಎಡ ಭುಜ ಅಲುಗಿತು.

ಆ ಜಾಗ ಬಿಟ್ಟು ಹೆಜ್ಜೆ ಹಾಕುವುದು ಕಥೆಯಲ್ಲಿರಲಿಲ್ಲ. ರಿಹರ್ಸಲ್ಲಿನಲ್ಲೂ ಇರಲಿಲ್ಲ. ಮಗನನ್ನು ಅಲ್ಲೇ ಬಿಟ್ಟು ಅವರು ಕ್ಯಾಮೆರಾದ ಕಡೆಗೆ ನಡೆದು ಬಂದರು. ನಿರ್ದೇಶಕ ಉಸಿರೆಳೆದುಕೊಂಡದ್ದು ಕೇಳಿಸಿತು. ಅವರು ಬರಬರುತ್ತಾ ಸ್ಪಷ್ಟ ಉಳಿಯುವ ಆಳ ಗೇಣಿನಿಂದ ಬೆರಳುಗಳ ಅಗಲಕ್ಕೆ ಇಳಿಯುತ್ತದೆ, ಚಕ್ರವನ್ನು ಇನ್ನಷ್ಟು ವೇಗವಾಗಿ ತಿರುಗಿಸಬೇಕಾಗುತ್ತದೆ. ನೆಲದ ಮೇಲೆ ಗುರುತಿಲ್ಲ, ಅಳತೆಯಿಲ್ಲ. ಅವರ ಭುಜ ಮತ್ತು ಲೆನ್ಸಿನ ನಡುವಿನ ಜಾಗ ಮಾತ್ರ ನನಗೆ ಕಾಣುತ್ತಿತ್ತು. ಆ ಜಾಗ ಕರಗಿದಷ್ಟೂ ಚಕ್ರ ತಿರುಗಿಸಿದೆ. ಲೆನ್ಸ್ ಹಿಡಿಯಬಲ್ಲ ಅತಿ ಹತ್ತಿರದ ಗುರುತಿಗೆ ಒಂದು ಕೂದಲು ಬಾಕಿಯಿರುವಾಗ ಅವರು ನಿಂತರು. ಲೆನ್ಸಿನೊಳಕ್ಕೆ ನೇರ ನೋಡಿ, "ಬರಲ್ಲ," ಎಂದು ಇನ್ನೊಮ್ಮೆ ಹೇಳಿ, ಚೌಕಟ್ಟಿನಿಂದಾಚೆ ಹೋದರು.

"ಕಟ್!" ಎಂದ ನಿರ್ದೇಶಕ. ನೀರಿನಾಚೆ ಸೂರ್ಯ ಇಳಿದಿದ್ದ. "ಅದ್ಭುತ ಆಂಟಿ! ಆದ್ರೆ ಇನ್ನೊಂದು ತಗೊಳ್ಳೋಣ, ಸೇಫ್ಟಿಗೆ. ಇನ್ನೂ ಚೂರು ಬೆಳಕಿದೆ. ಅಷ್ಟು ಹತ್ರ ಬಂದಿದ್ದು ಫೋಕಸ್ ಇರೋಕೆ ಸಾಧ್ಯಾನೇ ಇಲ್ಲ."

ಆಂಟಿ ಒಂದು ಕಟ್ಟೆಯ ಮೇಲೆ ಕೂತುಬಿಟ್ಟಿದ್ದರು. ಇನ್ನೊಮ್ಮೆ ಎಂದರೆ ಏಳುತ್ತಿದ್ದರು, ಆದರೆ ಆ ಸಿಟ್ಟು ಏಳುತ್ತಿರಲಿಲ್ಲ. ಛಾಯಾಗ್ರಾಹಕರು ಮಾನಿಟರಿನಲ್ಲಿ ಹಿಂದಕ್ಕೆ ಓಡಿಸಿ ನೋಡಬಹುದಿತ್ತು. ನೋಡಲಿಲ್ಲ, ನನ್ನ ಕಡೆ ತಿರುಗಿದರು.

"ಇದ್ಯಾ?"

ಇನ್ನೊಂದು ತಗೊಳ್ಳೋಣ ಎಂದಿದ್ದರೆ ಯಾರೂ ನನ್ನನ್ನು ದೂರುತ್ತಿರಲಿಲ್ಲ. ಫೋಕಸ್ ಹಿಡಿಯುವವರೆಲ್ಲ ಹಾಗೆ ಹೇಳಿ ಬಚಾವಾಗುತ್ತಾರೆ. ಇದೆ ಎಂದು ಹೇಳಿ ಇಲ್ಲದಿದ್ದರೆ ಆ ದೃಶ್ಯವೂ ಹೋಯಿತು, ನಾನೂ ಹೋದೆ.

"ಇದೆ," ಎಂದೆ.

"ಗ್ಯಾರಂಟಿನಾ?" ಎಂದ ನಿರ್ದೇಶಕ.

ನಾನು ಕ್ಯಾಮೆರಾದ ಹತ್ತಿರ ಹೋಗಿ, ಯಾರನ್ನೂ ಕೇಳದೆ ಬೀಗದ ಬಳೆ ತಿರುಗಿಸಿ ಲೆನ್ಸನ್ನು ಬಿಚ್ಚಿದೆ. ಹಿಂದೆ ಮುಂದೆ ಮುಚ್ಚಳ ಹಾಕಿ, ಪೆಟ್ಟಿಗೆಯಲ್ಲಿಟ್ಟು, ಚಿಲಕ ಒತ್ತಿದೆ, ಇನ್ನೊಂದು ಟೇಕಿನ ಮಾತು ಅಲ್ಲಿಗೆ ಮುಗಿಯಿತು. ಛಾಯಾಗ್ರಾಹಕರು ನೋಡುತ್ತಾ ನಿಂತಿದ್ದರು.

ವ್ಯಾನಿನೊಳಗೆ ದೊಡ್ಡ ಪರದೆ ಹಚ್ಚಿದರು. ಎಲ್ಲರೂ ಅತ್ತ ಓಡಿದರು, ಸೌಟು ಹಿಡಿದವರೂ ಓಡಿದರು. ಆಂಟಿ ಕಟ್ಟೆಯಿಂದೆದ್ದು ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತರು.

"ಬಾರೇ, ನೋಡೋಣ."

"ನೀವು ನೋಡಿ ಆಂಟಿ. ನಾನು ಆಗ್ಲೇ ನೋಡ್ಬಿಟ್ಟಿದೀನಿ," ಎಂದು ಹೇಳಿ, ಕೂತು ನೆಲದ ಟೇಪುಗಳನ್ನು ಕೀಳತೊಡಗಿದೆ.